ಭೂಮಿಯ ಒಡಲನ್ನು ಊಹಿಸಿದ ಆರ್ಥರ್ ಹೋಮ್ಸ್

ಖಂಡಗಳು ಚಲಿಸುತ್ತವೆಂದು ನಾವು ಭೂಗೋಳದ ಪಾಠದಲ್ಲಿ ಓದುತ್ತೇವೆ. ಅಲ್ಲಿ ಜರ್ಮನಿಯ ವೆಗೆನರರ ಹೆಸರು ಬರುತ್ತದೆ. ಅವುಗಳನ್ನು ಸರಿಸುವ ಶಕ್ತಿ ಯಾವುದೆಂದು ಚಿಂತಿಸಿದ ಆರ್ಥರ್ ಹೋಮ್ಸರ ಹೆಸರನ್ನು ನಮ್ಮ ಮಕ್ಕಳು ಕೇಳುವುದು ಅಪರೂಪ.

ಹೋಮ್ಸರು 1890ರಲ್ಲಿ ಇಂಗ್ಲೆಂಡಿನ ಹೆಬರ್ನ್ ಎಂಬಲ್ಲಿ ಜನಿಸಿದರು. ಭೌತಶಾಸ್ತ್ರ ಕಲಿಯಲೆಂದು ಲಂಡನ್ನಿಗೆ ಹೋದ ಅವರನ್ನು ಕಲ್ಲುಗಳು ಸೆಳೆದವು. ಕಲ್ಲಿನೊಳಗಿನ ಯುರೇನಿಯಂ ಬಹು ನಿಧಾನವಾಗಿ ಸೀಸವಾಗುತ್ತದೆ. ಎರಡನ್ನೂ ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ. ಹೀಗೆ 1911ರಲ್ಲಿ ಒಂದು ಶಿಲೆಗೆ 37 ಕೋಟಿ ವರ್ಷವೆಂದು ಲೆಕ್ಕ ಹಾಕಿದಾಗ ಅವರಿಗೆ ಕೇವಲ 21 ವರ್ಷ.

ವಿದ್ಯೆಯಿದ್ದರೂ ಕೈಯಲ್ಲಿ ಕಾಸಿರಲಿಲ್ಲ. ಖನಿಜ ಹುಡುಕುವ ಕೆಲಸಕ್ಕೆ ಮೊಜಾಂಬಿಕಿಗೆ ಹೋಗಿ ಮಲೇರಿಯಾದಿಂದ ನರಳಿದರು. 1920ರಲ್ಲಿ ಎಣ್ಣೆ ಕಂಪನಿಯೊಂದರ ನೌಕರಿಗಾಗಿ ಬರ್ಮಾಕ್ಕೆ ಹೋದರು. ಕಂಪನಿ ದಿವಾಳಿಯೆದ್ದಿತು. ಪುಟ್ಟ ಮಗ ಅಲ್ಲಿಯೇ ಆಮಶಂಕೆಯಿಂದ ತೀರಿಕೊಂಡ. ಬರಿಗೈಯಲ್ಲಿ ಮರಳಿದ ಈ ವಿಜ್ಞಾನಿ ಹೊಟ್ಟೆಪಾಡಿಗಾಗಿ ಅಂಗಡಿಯಿಟ್ಟು ಕುಶಲ ವಸ್ತುಗಳನ್ನು ಮಾರಿದರೆಂಬುದನ್ನು ನೆನೆದರೆ ನಮಗೆ ಕರುಳು ಚುರುಕ್ಕೆನ್ನುತ್ತದೆ. 1924ರಲ್ಲಿ ಡರ್ಹಮ್‌ನಲ್ಲಿ ಅಧ್ಯಾಪನದ ಹುದ್ದೆ ದೊರೆಯಿತು.

ಅವರ ದೊಡ್ಡ ವಿಚಾರ ಹುಟ್ಟಿದ್ದು ಅದರ ನಂತರವೇ. ಒಲೆಯ ಮೇಲಿನ ಎಸರಿನಲ್ಲಿ ಬಿಸಿನೀರು ಮೇಲೇರಿ, ತಣಿದದ್ದು ಕೆಳಗಿಳಿಯುವುದನ್ನು ಮನೆಯಲ್ಲಿ ಎಲ್ಲರೂ ಕಂಡಿದ್ದೇವೆ. ಭೂಚಿಪ್ಪಿನ ಕೆಳಗಿರುವ ಮ್ಯಾಂಟಲ್ ಎಂಬ ಪದರವೂ ಒಳಗಿನ ವಿಕಿರಣದ ಶಾಖದಿಂದ ಹೀಗೆಯೇ ಸುತ್ತುತ್ತ, ಮೇಲಿನ ಖಂಡಗಳನ್ನು ಒಯ್ಯುತ್ತದೆಂದು ಹೋಮ್ಸರು 1931ರ ಲೇಖನದಲ್ಲಿ ವಿವರಿಸಿದರು. ಗಟ್ಟಿ ಕಲ್ಲು ಹರಿಯುವುದುಂಟೇ ಎಂದು ಮಕ್ಕಳು ಕೇಳಬಹುದು. ಡಾಂಬರಿನ ಗಟ್ಟಿಯನ್ನು ಸುತ್ತಿಗೆಯಿಂದ ಬಡಿದರೆ ಒಡೆಯುತ್ತದೆ. ಬಹುಕಾಲ ಹಾಗೆಯೇ ಇಟ್ಟರೆ ತಾನೇ ಹರಡಿಕೊಳ್ಳುತ್ತದೆ. ಕೋಟ್ಯಂತರ ವರ್ಷಗಳ ಅವಧಿಯಲ್ಲಿ ಕಲ್ಲಿನದೂ ಅದೇ ನಡತೆ. ಆಗ ನಂಬಿದವರು ಕಡಮೆ. ಆದರೂ 1944ರಲ್ಲಿ ಬರೆದ ತಮ್ಮ ಪಠ್ಯಪುಸ್ತಕದಲ್ಲಿ ಈ ವಿಚಾರವನ್ನು ಅವರು ಬಿಡದೆ ಸೇರಿಸಿದರು. ಅವರ ಈ ದಿಟ್ಟತನ ನಮಗೆ ಬಲು ಮೆಚ್ಚಿಕೆ.

1964ರಲ್ಲಿ ವೆಟ್ಲೆಸನ್ ಬಹುಮಾನ ಬಂದಿತು. ಮರುವರ್ಷ ಅವರು ತೀರಿಕೊಂಡರು.

ಮ್ಯಾಂಟಲಿನ ಚಿತ್ರ ತೆಗೆಯುವ ವಿದ್ಯೆ ಬೆಳೆದದ್ದು 1970ರ ದಶಕದಿಂದ ಈಚೆಗೆ. ಭೂಕಂಪದ ಅಲೆಗಳು ಬಿಸಿ ಕಲ್ಲಿನಲ್ಲಿ ನಿಧಾನವಾಗಿ, ತಣ್ಣನೆಯದರಲ್ಲಿ ವೇಗವಾಗಿ ಸಾಗುತ್ತವೆ. ಲೋಕದ ನಾನಾ ಕೇಂದ್ರಗಳಿಗೆ ಅವು ತಲುಪಿದ ವೇಳೆಯನ್ನು ಗಣಕಯಂತ್ರಕ್ಕೆ ಕೊಟ್ಟು, ವೈದ್ಯರು ದೇಹದ ಒಳಭಾಗವನ್ನು ನೋಡುವಂತೆ ಭೂಮಿಯ ಒಳಗನ್ನು ನೋಡುತ್ತಾರೆ. ತಣ್ಣನೆಯ ಕಲ್ಲುಹಾಸುಗಳು ತಮ್ಮ ಭಾರದಿಂದಲೇ ಮುಳುಗುತ್ತ ಹಿಂದಿನದನ್ನು ಎಳೆಯುತ್ತವೆಂದು ಈಗ ತಿಳಿದಿದೆ. ಹೋಮ್ಸರು ಈ ಎಳೆತಕ್ಕೆ ಇಷ್ಟು ಮಹತ್ವ ಕೊಟ್ಟಿರಲಿಲ್ಲ. ಜಪಾನಿನ ಕೆಳಗೆ ಇಳಿಯುವ ಪೆಸಿಫಿಕ್ ಸಾಗರತಳದ ಹಾಸು ಸುಮಾರು 660 ಕಿಲೋಮೀಟರ್ ಆಳದ ಬಳಿ ಚೀನಾದ ಕಡೆಗೆ ಅಡ್ಡಲಾಗಿ ಚಾಚಿಕೊಂಡಿರುವುದು ಈ ಚಿತ್ರಗಳಲ್ಲಿ ಕಾಣುತ್ತದೆ.