ಸನ್ನಿ ಸೈಡ್ ಮನೆಯ ತಿಮ್ಮಯ್ಯ

ಮಡಿಕೇರಿಗೆ ಹೋದವರು ರಾಜಾಸೀಟು ನೋಡಿ ಹಿಂದಿರುಗುವುದು ವಾಡಿಕೆ. ಅಲ್ಲೇ ಊರೊಳಗಿರುವ ‘ಸನ್ನಿ ಸೈಡ್’ ಮನೆಯನ್ನೂ ಒಮ್ಮೆ ನೋಡಿ ಬನ್ನಿ. 2021ರಲ್ಲಿ ಸ್ಮಾರಕವಾದ ಆ ಮನೆ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರದು.

1906ರಲ್ಲಿ ಹುಟ್ಟಿದ ತಿಮ್ಮಯ್ಯನವರು ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಕೂನೂರಿನ ಸಂತ ಜೋಸೆಫರ ಶಾಲೆಯಲ್ಲಿ ಐರಿಷ್ ಬ್ರದರ್‌ಗಳ ಕೈಕೆಳಗೆ ಕಲಿತರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಮುಂದೆ ಸೈನ್ಯ.

1935ರ ಆರಂಭದಲ್ಲಿ ನೀನಾ ಅವರೊಡನೆ ಮದುವೆ. ಅದೇ ಮೇ 31ರ ನಸುಕಿನಲ್ಲಿ, ಅವರಿದ್ದ ಕ್ವೆಟ್ಟಾ ನಗರ ಭೂಕಂಪಕ್ಕೆ ನೆಲಸಮವಾಯಿತು. ಹೊಸ ಮದುಮಕ್ಕಳು ಊರು ಬಿಟ್ಟು ಓಡಲಿಲ್ಲ. ಗಂಡ ಹೆಂಡತಿ ಇಬ್ಬರೂ ಪರಿಹಾರದ ಕೆಲಸಕ್ಕೆ ನಿಂತರು. ಅದಕ್ಕಾಗಿ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು. ಈ ದಾಂಪತ್ಯ ಗಟ್ಟಿಯಾದದ್ದು ಅಲ್ಲೇ ಎಂದು ನನಗನ್ನಿಸುತ್ತದೆ.

ಎರಡನೆಯ ಮಹಾಯುದ್ಧ ಈ ಕುಟುಂಬವನ್ನೇ ಸೀಳಿತು. ತಿಮ್ಮಯ್ಯನವರು ಬರ್ಮಾದ ರಣರಂಗದಲ್ಲಿ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿದ್ದರು. ಅಣ್ಣ ಪೊನ್ನಪ್ಪನವರು ನೇತಾಜಿಯ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ತಾಯಿಯ ಮಕ್ಕಳು, ಎದುರುಬದುರು ಸೇನೆಗಳಲ್ಲಿ! 1959ರಲ್ಲಿ ಅವರು ಕೊಟ್ಟು ಹಿಂತೆಗೆದುಕೊಂಡ ರಾಜೀನಾಮೆಯ ಬಗ್ಗೆ ಇತಿಹಾಸಕಾರರು ಬಹಳ ಬರೆದಿದ್ದಾರೆ. ಆ ತಾಯಿಯ ಸಂಕಟವನ್ನು ಬರೆದವರು ಕಡಿಮೆ.

ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಸಾಧಿಸುವ ಜಾಣ್ಮೆ ಅವರದು. 1948ರಲ್ಲಿ ಲಡಾಖಿಗೆ ಹೋಗುವ ಜೋಜಿಲಾ ಕಣಿವೆ ಶತ್ರುಗಳ ಕೈಯಲ್ಲಿತ್ತು. ಹನ್ನೊಂದು ಸಾವಿರ ಅಡಿಗೂ ಎತ್ತರ, ಹೇಸರಗತ್ತೆ ನಡೆಯುವಷ್ಟೇ ದಾರಿ. ಅಲ್ಲಿಗೆ ಟ್ಯಾಂಕು ಹತ್ತಿಸುವುದೆಂದರೆ ಹುಚ್ಚು ಎನ್ನುವ ಕಾಲ. ತಿಮ್ಮಯ್ಯನವರು ಟ್ಯಾಂಕುಗಳ ಮೇಲ್ಭಾಗದ ಗೋಪುರ ಬಿಚ್ಚಿಸಿ, ಗುರುತು ಸಿಗದಂತೆ ಗುಟ್ಟಾಗಿ ಸಾಗಿಸಿದರು. ನಮ್ಮ ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಯೋಧರು ಗುಡ್ಡ ಕಡಿದು ದಾರಿ ಅಗಲ ಮಾಡಿದರು. ನವೆಂಬರ್ 1ರಂದು, ಹಿಮದ ನಡುವೆ, ಕಣಿವೆ ತೆರೆಯಿತು.

ಆದರೂ ಹೊರದೇಶದವರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. 1953ರಲ್ಲಿ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆಯನ್ನು ತಟಸ್ಥ ಆಯೋಗದ ಅಧ್ಯಕ್ಷರಾಗಿ ನಿಭಾಯಿಸಿದರು. ಎರಡೂ ಕಡೆಯವರಿಂದ ಬೈಸಿಕೊಂಡರು.

1957ರಿಂದ ಸೇನಾ ಮುಖ್ಯಸ್ಥರಾಗಿದ್ದು 1961ರಲ್ಲಿ ನಿವೃತ್ತರಾದರು. ಇನ್ನಾದರೂ ಹೆಂಡತಿ, ಮಗಳೊಡನೆ ಕೊಡಗಿನಲ್ಲಿ ನೆಮ್ಮದಿಯಾಗಿರಬಹುದಿತ್ತು. ಆ ನೆಮ್ಮದಿ ಮೂರೇ ವರ್ಷ. 1964ರಲ್ಲಿ ಸೈಪ್ರಸ್‌ನಲ್ಲಿ ಗ್ರೀಕರು, ತುರ್ಕರ ಜಗಳದ ನಡುವೆ ನಿಲ್ಲಲು ವಿಶ್ವಸಂಸ್ಥೆ ಕರೆಯಿತು, ಹೋದರು. 1965ರ ಡಿಸೆಂಬರ್ 18ರಂದು, ಕ್ರಿಸ್ಮಸ್ಸಿಗೆ ಒಂದೇ ವಾರವಿರುವಾಗ, ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.