ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರ (ಆಳ್ವಿಕೆ: ಸುಮಾರು ಕ್ರಿ.ಶ. 1126–1138) ಕಲ್ಯಾಣ ಚಾಳುಕ್ಯ ವಂಶದ ದೊರೆ ಹಾಗೂ ಸಂಸ್ಕೃತ ಗ್ರಂಥಕಾರ. ಆರನೆಯ ವಿಕ್ರಮಾದಿತ್ಯನ ಮಗನಾದ ಈತ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಆಳಿದನು. ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳಿಂದ ಪ್ರಸಿದ್ಧನಾಗಿದ್ದನು. ರಾಜನೀತಿ, ಆಹಾರ, ಸಂಗೀತ, ಚಿತ್ರಕಲೆ, ಪಂದ್ಯ ಮತ್ತು ಆಟಗಳನ್ನು ವಿವರಿಸುವ 'ಮಾನಸೋಲ್ಲಾಸ' ಇವನ ಮುಖ್ಯ ಕೃತಿ. ಸ್ಪರ್ಧಿಗಳನ್ನು ವಯಸ್ಸು ಮತ್ತು ಬಲಗಳ ಆಧಾರದ ಮೇಲೆ ವರ್ಗೀಕರಿಸುವ ಕ್ರಮವನ್ನು ದಾಖಲಿಸಿರುವುದರಿಂದ ಭಾರತೀಯ ಕ್ರೀಡೆಗಳ ಇತಿಹಾಸಕ್ಕೆ ಈ ಗ್ರಂಥ ಪ್ರಮುಖ ಆಧಾರವಾಗಿದೆ.

ಹಿನ್ನೆಲೆ

ಕ್ರಿ.ಶ. 973ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಸ್ಥಾಪಿಸಿದ ಈ ರಾಜ್ಯದ ರಾಜಧಾನಿ ಮೊದಲಿಗೆ ಮಾನ್ಯಖೇಟವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಅದನ್ನು ಕಲ್ಯಾಣಕ್ಕೆ ಬದಲಾಯಿಸಿದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದನು. 'ವಿಕ್ರಮಾಂಕದೇವಚರಿತ'ವನ್ನು ಬರೆದ ಕಾಶ್ಮೀರದ ಕವಿ ಬಿಲ್ಹಣ ಮತ್ತು 'ಮಿತಾಕ್ಷರ'ವನ್ನು ರಚಿಸಿದ ವಿಜ್ಞಾನೇಶ್ವರ ಅವನ ಆಶ್ರಯದಲ್ಲಿದ್ದರು. ಹೀಗೆ ವಿದ್ವಾಂಸರಿಂದ ತುಂಬಿದ್ದ ಆಸ್ಥಾನದಲ್ಲಿ ಸೋಮೇಶ್ವರನು ಬೆಳೆದನು.

ಆ ಕಾಲದ ವೈಭವದ ಕುರುಹುಗಳು ಬಸವಕಲ್ಯಾಣ ಮತ್ತು ಹುಮನಾಬಾದ್ ಪರಿಸರದಲ್ಲಿ ಇಂದಿಗೂ ಕಾಣಸಿಗುತ್ತವೆ. ಬಸವಕಲ್ಯಾಣಕ್ಕೆ ಸಮೀಪದ ನಾರಾಯಣಪುರದಲ್ಲಿ ಚಾಳುಕ್ಯ ಶೈಲಿಯ ಶಿವಾಲಯವಿದೆ. ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪ ಹೆಸರುವಾಸಿಯಾಗಿದೆ.

ಆಳ್ವಿಕೆ

ತಂದೆಯ ನಂತರ ಪಟ್ಟವೇರಿದ ಸೋಮೇಶ್ವರನಿಗೆ ವಿಸ್ತಾರವಾದ ರಾಜ್ಯದ ಜೊತೆಗೆ ಅದರೊಳಗಿನ ಬಿರುಕುಗಳೂ ಬಳುವಳಿಯಾಗಿ ಬಂದವು. ಇವನ ಕಾಲದ ಶಾಸನಗಳಲ್ಲಿ 'ಭೂಲೋಕಮಲ್ಲ ವರ್ಷ' ಎಂಬ ಕಾಲಗಣನೆ ಬಳಕೆಯಾಗಿದೆ. ಶೈವ ಮಠಗಳಿಗೂ ದೇವಾಲಯಗಳಿಗೂ ಈತ ಭೂದಾನಗಳನ್ನು ನೀಡಿದನು.

ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಮಾಂಡಲಿಕನಾಗಿ ಉಳಿದಿದ್ದರೂ ವಾಸ್ತವದಲ್ಲಿ ಸ್ವತಂತ್ರ ಅರಸನಂತೆ ವರ್ತಿಸುತ್ತಿದ್ದನು. 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದಿದ್ದ ಅವನು ಮುಂದೆ ಉತ್ತರದತ್ತ ಮುಖಮಾಡಿದನು. ನೊಳಂಬವಾಡಿ, ಬನವಾಸಿ ಮತ್ತು ಹಾನಗಲ್ಲು ಪ್ರದೇಶಗಳಲ್ಲಿ ಪ್ರಭಾವವನ್ನು ವಿಸ್ತರಿಸಿ ಬಂಕಾಪುರದಲ್ಲಿ ನೆಲೆಯೂರಿದನು. ಪೂರ್ವದಲ್ಲಿ, ವಿಕ್ರಮಾದಿತ್ಯನ ಕೊನೆಯ ವರ್ಷಗಳಲ್ಲಿ ಕಲ್ಯಾಣದ ಅಧೀನಕ್ಕೆ ಬಂದಿದ್ದ ವೆಂಗಿಯನ್ನು ವಿಕ್ರಮ ಚೋಳನು ಮರಳಿ ಪಡೆದನು. ಇಷ್ಟಾದರೂ ರಾಜ್ಯದ ಮುಖ್ಯ ಭಾಗ ಸೋಮೇಶ್ವರನ ಕೈಯಲ್ಲಿಯೇ ಉಳಿಯಿತು. ಅವನ ಆಳ್ವಿಕೆಯ ಬಹುಪಾಲು ದೊಡ್ಡ ಯುದ್ಧಗಳಿಲ್ಲದೆ ಕಳೆಯಿತು.

ಮಾನಸೋಲ್ಲಾಸ

'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಹೆಸರೂ ಇದೆ. ಗ್ರಂಥದೊಳಗಿನ ಜ್ಯೋತಿಷ ಗಣಿತದಲ್ಲಿ ಶಕ ವರ್ಷ 1051 ಬರುವುದರಿಂದ ಅದು ಕ್ರಿ.ಶ. 1129ರ ಸುಮಾರಿಗೆ ರಚನೆಯಾಯಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕೃತಿಯಲ್ಲಿ ಐದು ವಿಂಶತಿಗಳಿವೆ. ಪ್ರತಿ ವಿಂಶತಿಗೆ 20 ಅಧ್ಯಾಯಗಳಂತೆ ಒಟ್ಟು 100 ಅಧ್ಯಾಯಗಳು, ಸುಮಾರು 8000 ಶ್ಲೋಕಗಳಿವೆ.

ಮೊದಲ ವಿಂಶತಿ ರಾಜ್ಯವನ್ನು ಪಡೆಯಲು ಅರಸನಿಗೆ ಬೇಕಾದ ಗುಣಗಳನ್ನು ಹೇಳುತ್ತದೆ. ಎರಡನೆಯದು ಅಮಾತ್ಯ, ಕೋಶ, ದುರ್ಗ, ಸೈನ್ಯ ಮೊದಲಾದ ರಾಜ್ಯಾಂಗಗಳನ್ನು ಕುರಿತದ್ದು. ಮೂರನೆಯದರಲ್ಲಿ ಅರಸನ ಉಪಭೋಗಗಳ ವಿವರಣೆಯಿದೆ. ನಾಲ್ಕನೆಯದು ವಿನೋದಗಳಿಗೂ ಐದನೆಯದು ಕ್ರೀಡೆಗಳಿಗೂ ಮೀಸಲಾಗಿವೆ.

ಆಹಾರದ ಅಧ್ಯಾಯದಲ್ಲಿ ಉದ್ದಿನಿಂದ ಮಾಡುವ ಇಡ್ಡರಿಕೆ, ದೋಸೆಯ ಹಳೆಯ ರೂಪವಾದ ಧೋಸಕ, ವಡೆ, ಮಂಡಿಗೆ ಮುಂತಾದ ತಿನಿಸುಗಳ ವಿವರಗಳಿವೆ. ಇಡ್ಡರಿಕೆಯನ್ನು ಇಂದಿನ ಇಡ್ಲಿಯ ಪೂರ್ವರೂಪವೆಂದು ಭಾವಿಸಲಾಗಿದೆ. ಸಂಗೀತದ ಭಾಗದಲ್ಲಿ ತ್ರಿಪದಿ, ಷಟ್ಪದಿ ಮೊದಲಾದ ದೇಸಿ ರೂಪಗಳ ಉಲ್ಲೇಖವಿದ್ದು, ಕನ್ನಡ ಛಂದಸ್ಸಿನ ಅಧ್ಯಯನಕ್ಕೆ ಅದು ನೆರವಾಗಿದೆ.

ವಿನೋದಗಳು ಮತ್ತು ಸ್ಪರ್ಧೆಯ ನಿಯಮಗಳು

ನಾಲ್ಕನೆಯ ವಿಂಶತಿಯಲ್ಲಿ 20 ವಿನೋದಗಳಿವೆ. ಶಸ್ತ್ರಪ್ರದರ್ಶನ ಮತ್ತು ಶಾಸ್ತ್ರಚರ್ಚೆಗಳಿಂದ ಆರಂಭವಾಗಿ ಆನೆ ಮತ್ತು ಕುದುರೆಗಳ ವಾಹ್ಯಾಳಿ, ಅಂಕಕಾಳಗ, ಮಲ್ಲಯುದ್ಧ, ಕೋಳಿ, ಲಾವಕ್ಕಿ, ಟಗರು, ಕೋಣಗಳ ಕಾಳಗ, ಪಾರಿವಾಳ, ನಾಯಿ ಮತ್ತು ಡೇಗೆಗಳ ಆಟ, ಮೀನು ಹಿಡಿಯುವುದು, ಬೇಟೆ, ಗೀತ, ವಾದ್ಯ, ನೃತ್ಯ, ಕಥೆ ಹಾಗೂ ಚಮತ್ಕಾರಗಳವರೆಗೆ ಈ ಪಟ್ಟಿ ಸಾಗುತ್ತದೆ. ಐದನೆಯ ವಿಂಶತಿಯಲ್ಲಿ ಜಲಕ್ರೀಡೆ, ಮರಳಿನ ಆಟ, ಬೆಳದಿಂಗಳ ಆಟ, ಉಯ್ಯಾಲೆ, ಚದುರಂಗ, ಪಗಡೆ, ಕವಡೆಯಾಟ ಮುಂತಾದವು ಸೇರಿವೆ.

ಈ ಅಧ್ಯಾಯಗಳು ಅರಮನೆಯ ಮನರಂಜನೆಯ ಪಟ್ಟಿಯಷ್ಟೇ ಅಲ್ಲ; ಪಂದ್ಯವೊಂದರ ಫಲಿತಾಂಶವನ್ನು ಪ್ರಭಾವಿಸುವ ಸಂಗತಿಗಳ ವಿಚಾರವೂ ಅವುಗಳಲ್ಲಿದೆ. ಮಲ್ಲವಿನೋದದಲ್ಲಿ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ದರ್ಜೆಗಳಾಗಿ ವಿಂಗಡಿಸಲಾಗಿದೆ. ದೇಹದ ಗಾತ್ರ, ಬಲ ಮತ್ತು ವಯಸ್ಸು ಈ ವಿಂಗಡಣೆಯ ಆಧಾರಗಳು. ಜಟ್ಟಿಗಳಿಗೆ ಕೊಡಬೇಕಾದ ಪುಷ್ಟಿಯ ಆಹಾರ, ಅವರ ಸಾಧನೆಯ ಕ್ರಮ, ಮೆದುಮಣ್ಣಿನ ಅಖಾಡ ಇವೆಲ್ಲವನ್ನೂ ಗ್ರಂಥ ಹೇಳುತ್ತದೆ. ಕಂಬದ ಮೇಲೆ ಮಾಡುವ ವ್ಯಾಯಾಮದ ಪ್ರಸ್ತಾಪವೂ ಇಲ್ಲಿದ್ದು, ಅದನ್ನು ಮಲ್ಲಕಂಬದ ಅತಿ ಹಳೆಯ ಲಿಖಿತ ಉಲ್ಲೇಖಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ.

ವಾಹ್ಯಾಳಿಯಲ್ಲಿ ಬಯಲಿನ ಸ್ಥಿತಿಗೆ ಪ್ರಾಮುಖ್ಯವಿದೆ. ಕುದುರೆಯ ವಾಹ್ಯಾಳಿ ಇಂದಿನ ಪೋಲೋ ಆಟವನ್ನು ಹೋಲುತ್ತದೆ. ಎರಡು ಪಕ್ಷಗಳ ಸವಾರರು ಕೋಲಿನಿಂದ ಚೆಂಡನ್ನು ಹೊಡೆದು ತೋರಣವನ್ನು ದಾಟಿಸಬೇಕು. ಆನೆಯ ವಾಹ್ಯಾಳಿಯಲ್ಲಿ ಚುರುಕಿನ ಓಟಗಾರನನ್ನು ಆನೆ ಅಟ್ಟಿಸಿಕೊಂಡು ಹೋಗುತ್ತದೆ. ಇಲ್ಲಿ ನೆಲದ ಏರುತಗ್ಗು ಓಟಗಾರನ ಪ್ರಾಣಕ್ಕೇ ಕುತ್ತಾಗಬಹುದಿತ್ತು.

ಅಸಮಾನ ಸ್ಪರ್ಧಿಗಳ ನಡುವೆ ನ್ಯಾಯವಾದ ಪಂದ್ಯ ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ಮುಂದಿನ ಕಾಲದ ಕ್ರೀಡೆಗಳು ಎರಡು ಬಗೆಯ ಉತ್ತರ ಕಂಡುಕೊಂಡಿವೆ. ಸಮಬಲರನ್ನು ಒಂದೇ ವರ್ಗದಲ್ಲಿಟ್ಟು ಸೆಣಸಲು ಬಿಡುವುದು ಮೊದಲನೆಯದು. ಇಂದಿನ ಕುಸ್ತಿಯ ತೂಕದ ವರ್ಗಗಳು ಇದಕ್ಕೆ ಉದಾಹರಣೆ. ಮಾನಸೋಲ್ಲಾಸದ ದರ್ಜೆಗಳು ಇದೇ ಜಾತಿಗೆ ಸೇರುತ್ತವೆ. ಎಲ್ಲರನ್ನೂ ಒಟ್ಟಿಗೆ ಸ್ಪರ್ಧೆಗೆ ಬಿಟ್ಟು, ಬಲ್ಲವರಿಗೆ ಹೊರೆಯನ್ನೋ ದುರ್ಬಲರಿಗೆ ರಿಯಾಯಿತಿಯನ್ನೋ ನೀಡುವುದು ಎರಡನೆಯದು. ಇದಕ್ಕೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಹಾಯಿದೋಣಿಗಳ ಸ್ಪರ್ಧೆಯಲ್ಲಿ ದೋಣಿಯ ಅಳತೆ ಅಥವಾ ಹಿಂದಿನ ಸಾಧನೆಯ ಆಧಾರದ ಮೇಲೆ ಅದು ತೆಗೆದುಕೊಂಡ ಸಮಯವನ್ನು ಪರಿಷ್ಕರಿಸಿ ವಿಜೇತರನ್ನು ನಿರ್ಣಯಿಸುತ್ತಾರೆ. ಆದರೂ ಪ್ರಕೃತಿಯ ಪಾಲು ಉಳಿದೇ ಉಳಿಯುತ್ತದೆ. ಅನುಕೂಲವಾದ ಉಬ್ಬರವಿಳಿತದ ಹರಿವು ಇರುವಾಗಲೇ ವೇಗದ ದೋಣಿ ಗುರಿ ಮುಟ್ಟಿ, ಹರಿವು ತಿರುಗಿದ ಮೇಲೆ ನಿಧಾನದ ದೋಣಿ ಅದೇ ದಾರಿಯಲ್ಲಿ ಬಂದರೆ, ಲೆಕ್ಕದ ರಿಯಾಯಿತಿ ಆ ನಷ್ಟವನ್ನು ತುಂಬಿಕೊಡಲಾರದು. ಸ್ಪರ್ಧಿಯ ಸಾಮರ್ಥ್ಯದೊಂದಿಗೆ ಕಣದ ಸ್ಥಿತಿಯನ್ನೂ ಗಮನಿಸಿದ ಮಾನಸೋಲ್ಲಾಸದ ವಿವರಣೆಗಳು ಈ ಹಿನ್ನೆಲೆಯಲ್ಲಿ ಮಹತ್ವ ಪಡೆಯುತ್ತವೆ.

ಮತ್ಸ್ಯವಿನೋದ

ಕಲ್ಯಾಣವು ಕಡಲಿನಿಂದ ಬಹುದೂರದಲ್ಲಿದ್ದರೂ ಗೋವೆಯ ಕದಂಬರಂತಹ ಕರಾವಳಿಯ ಅರಸರು ಚಾಳುಕ್ಯರ ಮಾಂಡಲಿಕರಾಗಿದ್ದರು. ಮತ್ಸ್ಯವಿನೋದದ ಅಧ್ಯಾಯದಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರುಗಳಿವೆ. ಅವುಗಳನ್ನು ಸಮುದ್ರದವು ಮತ್ತು ನದಿಯವು, ಹುರುಪೆಯುಳ್ಳವು ಮತ್ತು ಇಲ್ಲದವು ಎಂದು ವಿಂಗಡಿಸಲಾಗಿದೆ. ಯಾವ ಮೀನಿಗೆ ಯಾವ ಆಹಾರ ಒಗ್ಗುತ್ತದೆ, ಗಾಳ ಹಾಕುವ ಬಗೆ ಹೇಗೆ ಎಂಬುದನ್ನು ಈ ಭಾಗ ತಿಳಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ಈ ಅಧ್ಯಾಯವನ್ನು ಅಧ್ಯಯನ ಮಾಡಿ ಅದರ ವೈಜ್ಞಾನಿಕ ಮೌಲ್ಯವನ್ನು ಗುರುತಿಸಿದರು.

ಇತರ ಕೃತಿ

'ವಿಕ್ರಮಾಂಕಾಭ್ಯುದಯ' ಸೋಮೇಶ್ವರನ ಹೆಸರಿನಲ್ಲಿರುವ ಮತ್ತೊಂದು ಸಂಸ್ಕೃತ ಗ್ರಂಥ. ತಂದೆ ವಿಕ್ರಮಾದಿತ್ಯನ ಚರಿತ್ರೆಯನ್ನು ಗದ್ಯದಲ್ಲಿ ನಿರೂಪಿಸುವ ಈ ಕೃತಿ ಅಪೂರ್ಣವಾಗಿ ದೊರೆತಿದೆ. ಕರ್ನಾಟಕ ದೇಶದ ಮತ್ತು ಕಲ್ಯಾಣ ನಗರದ ವರ್ಣನೆ ಇದರಲ್ಲಿದೆ.

ಉತ್ತರಾಧಿಕಾರ ಮತ್ತು ಮೌಲ್ಯಮಾಪನ

1138ರಲ್ಲಿ ಸೋಮೇಶ್ವರನ ಮಗ ಎರಡನೆಯ ಜಗದೇಕಮಲ್ಲನು ಪಟ್ಟಕ್ಕೆ ಬಂದನು. 'ಸಂಗೀತಚೂಡಾಮಣಿ' ಎಂಬ ಗ್ರಂಥ ಅವನದೆಂದು ಹೇಳಲಾಗಿದೆ. ಅವನ ನಂತರ ಮೂರನೆಯ ತೈಲಪನ ಕಾಲದಲ್ಲಿ ರಾಜ್ಯ ಮತ್ತಷ್ಟು ದುರ್ಬಲವಾಯಿತು. 1157ರ ಸುಮಾರಿಗೆ ಕಲಚುರಿ ಬಿಜ್ಜಳನು ಅಧಿಕಾರವನ್ನು ವಶಪಡಿಸಿಕೊಂಡನು. ಬಸವಣ್ಣನವರ ನೇತೃತ್ವದ ಶರಣ ಚಳವಳಿ ಕಲ್ಯಾಣದಲ್ಲಿ ಬೆಳೆದದ್ದು ಈ ಬಿಜ್ಜಳನ ಕಾಲದಲ್ಲಿ.

ಸೋಮೇಶ್ವರನ ಬಗ್ಗೆ ಇತಿಹಾಸಕಾರರ ನಿಲುವು ಏಕರೂಪವಾಗಿಲ್ಲ. ಮಾಂಡಲಿಕರನ್ನು ಹತೋಟಿಯಲ್ಲಿಡುವ ಬದಲು ವಿದ್ಯಾವಿನೋದಗಳಲ್ಲಿ ಮಗ್ನನಾದದ್ದು ರಾಜ್ಯದ ಅವನತಿಗೆ ದಾರಿಮಾಡಿತು ಎಂಬುದು ಒಂದು ಅಭಿಪ್ರಾಯ. ಹೊಯ್ಸಳರ ಏಳಿಗೆ ವಿಕ್ರಮಾದಿತ್ಯನ ಕಾಲದಲ್ಲಿಯೇ ಆರಂಭವಾಗಿತ್ತಾದ್ದರಿಂದ ಪೂರ್ಣ ಹೊಣೆಯನ್ನು ಇವನೊಬ್ಬನ ಮೇಲೆ ಹೊರಿಸಲಾಗದು ಎಂಬುದು ಇನ್ನೊಂದು. ಗ್ರಂಥಕಾರನಾಗಿ ಇವನ ಸ್ಥಾನದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಇವನನ್ನು ಪೂರ್ವಾಚಾರ್ಯರ ಸಾಲಿನಲ್ಲಿ ಸ್ಮರಿಸಿದ್ದಾನೆ.

ಮಾನಸೋಲ್ಲಾಸವು ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರ್ ಅವರ ಸಂಪಾದಕತ್ವದಲ್ಲಿ 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಆರ್. ಶಾಮಶಾಸ್ತ್ರಿಗಳು ಸಂಪಾದಿಸಿದ ಭಾಗ 1926ರಲ್ಲಿ ಮೈಸೂರಿನಿಂದ ಹೊರಬಂದಿತು. ಹನ್ನೆರಡನೆಯ ಶತಮಾನದ ದಖ್ಖನಿನ ಊಟ, ಉಡುಗೆ, ಹಾಡು ಮತ್ತು ಪಂದ್ಯಗಳನ್ನು ಅರಿಯಲು ಇದು ಇಂದಿಗೂ ಪ್ರಧಾನ ಆಕರವಾಗಿದೆ.