ನಂಟೇ ಇಲ್ಲದ ಊರಲ್ಲಿ ಸಮಾಧಿ, ಆ ಊರಿಗೇ ಅವರ ಹೆಸರು: ಇದು ಜಿಮ್ ಥೋರ್ಪ್ ಕಥೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಬೆಟ್ಟಗಳ ನಡುವೆ, ಲೀಹೈ ನದಿ ದಂಡೆ ಮೇಲೆ ಒಂದು ಸಣ್ಣ ಪಟ್ಟಣ ಇದೆ. ಜನಸಂಖ್ಯೆ ಸುಮಾರು 4,500, ಒಂದು ಹೋಬಳಿ ಕೇಂದ್ರದಷ್ಟು. ಊರಿನ ಹೆಸರು ಜಿಮ್ ಥೋರ್ಪ್. ಊರ ಹೊರಗೆ ರಸ್ತೆ ಪಕ್ಕದಲ್ಲೇ ಕೆಂಪು ಕಲ್ಲಿನ ಒಂದು ಸಮಾಧಿ ಇದೆ. ಕ್ರೀಡಾಪ್ರೇಮಿಗಳು ದೂರದಿಂದ ಕಾರಲ್ಲಿ ಬಂದು ಇಳಿದು, ಸುತ್ತು ಹಾಕಿ, ಫೋಟೊ ತೆಗೆದುಕೊಂಡು ಹೋಗ್ತಾರೆ. ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ, ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಅಥ್ಲೀಟ್ ಅನಿಸಿಕೊಂಡ ಜಿಮ್ ಥೋರ್ಪ್ ಅಲ್ಲಿ ಮಲಗಿದ್ದಾರೆ.

ವಿಚಿತ್ರ ಏನಂದ್ರೆ, ಥೋರ್ಪ್ ಆ ಊರಿನವರಲ್ಲ. ಅಲ್ಲಿ ಓದಿಲ್ಲ, ಬಾಳಿಲ್ಲ, ನೆಂಟರಿಷ್ಟರೂ ಇರಲಿಲ್ಲ. ಹಾಗಾದ್ರೆ ದೇಹ ಅಲ್ಲಿಗೆ ಬಂದಿದ್ದು ಹೇಗೆ? ಅದನ್ನು ತಿಳಿಯಲು ಅವರ ಹುಟ್ಟೂರಿನಿಂದಲೇ ಶುರು ಮಾಡಬೇಕು.

ಕೆಲಸದ ಬಟ್ಟೆಯಲ್ಲೇ ಹೈಜಂಪ್

ಥೋರ್ಪ್ ಹುಟ್ಟಿದ್ದು 1887ರಲ್ಲಿ, ಇಂದಿನ ಒಕ್ಲಹೋಮ ರಾಜ್ಯದಲ್ಲಿ. ಅಮೆರಿಕದ ಮೂಲನಿವಾಸಿಗಳಾದ ಸ್ಯಾಕ್ ಆ್ಯಂಡ್ ಫಾಕ್ಸ್ ಬುಡಕಟ್ಟಿನ ಮಗು. ಬುಡಕಟ್ಟಿನ ಭಾಷೆಯಲ್ಲಿ ಇಟ್ಟ ಹೆಸರು ವಾ-ಥೋ-ಹಕ್, ಅಂದ್ರೆ ಬೆಳಕಿನ ದಾರಿ. ಜೊತೆಯಲ್ಲೇ ಹುಟ್ಟಿದ ಅವಳಿ ಸಹೋದರ ಚಾರ್ಲಿ ಚಿಕ್ಕ ವಯಸ್ಸಲ್ಲೇ ನ್ಯುಮೋನಿಯಾದಿಂದ ತೀರಿಕೊಂಡ. ತಂದೆ ತಾಯಿಯೂ ಬೇಗನೇ ಹೋದರು.

1904ರಲ್ಲಿ ಹುಡುಗನನ್ನು ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಗೆ ಕಳಿಸಿದರು. ಹಳೇ ಮಿಲಿಟರಿ ಕಟ್ಟಡಗಳಲ್ಲಿ ಸರ್ಕಾರ ನಡೆಸುತ್ತಿದ್ದ ಹಾಸ್ಟೆಲ್ ಶಾಲೆ ಅದು. ಬುಡಕಟ್ಟು ಮಕ್ಕಳ ಕೂದಲು ಕತ್ತರಿಸಿ, ಅವರ ಭಾಷೆ ಬಿಡಿಸಿ, ಬಿಳಿಯರ ರೀತಿ ನೀತಿ ಕಲಿಸುವುದೇ ಅದರ ಉದ್ದೇಶ. ಹೆಸರಿಗೆ ಶಾಲೆಯಾದರೂ ಅದರ ತಂಡ ಆಡುತ್ತಿದ್ದದ್ದು ದೊಡ್ಡ ದೊಡ್ಡ ಕಾಲೇಜುಗಳ ಎದುರು.

1907ರಲ್ಲಿ ಒಂದು ದಿನ ಮೈದಾನದ ಪಕ್ಕ ಹೋಗುತ್ತಿದ್ದ ಥೋರ್ಪ್, ಹೈಜಂಪ್ ಹುಡುಗರು ದಾಟಲಾಗದೆ ಒದ್ದಾಡುತ್ತಿದ್ದ 5 ಅಡಿ 9 ಇಂಚು ಎತ್ತರವನ್ನು ಮೈಮೇಲಿದ್ದ ಕೆಲಸದ ಬಟ್ಟೆಯಲ್ಲೇ ಹಾರಿಬಿಟ್ಟ. ಸುದ್ದಿ ಕೋಚ್ ಪಾಪ್ ವಾರ್ನರ್ ಕಿವಿಗೆ ಬಿತ್ತು. ಅಲ್ಲಿಂದ ಶುರುವಾಯ್ತು ಓಟ.

ಅಮೆರಿಕನ್ ಫುಟ್ಬಾಲ್ ಅಂದ್ರೆ ಕಾಲಲ್ಲಿ ಒದ್ದು ಗೋಲು ಹೊಡೆಯುವ ಫುಟ್ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಮೇಲೆ ಬೀಳುವವರನ್ನು ತಪ್ಪಿಸಿ, ತಳ್ಳಿ ಓಡುವ ಆಟ. 1911ರಲ್ಲಿ ಹೆಸರಾಂತ ಹಾರ್ವರ್ಡ್ ತಂಡವನ್ನು ಕಾರ್ಲೈಲ್ 18-15ರಿಂದ ಸೋಲಿಸಿತು. ಅದರಲ್ಲಿ ಥೋರ್ಪ್ ಒದ್ದ ನಾಲ್ಕು ಫೀಲ್ಡ್ ಗೋಲುಗಳಿಂದಲೇ 12 ಅಂಕ. ಮರುವರ್ಷ ಸೇನಾ ಅಕಾಡೆಮಿಯ ತಂಡವೂ 27-6ರಿಂದ ನೆಲಕಚ್ಚಿತು. ಸೋತ ಆ ತಂಡದಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಕೂಡ ಇದ್ದರು.

ಎರಡು ಚಿನ್ನ, ಆರು ತಿಂಗಳ ಸಂತೋಷ

1912ರ ಜುಲೈನಲ್ಲಿ ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಒಲಿಂಪಿಕ್ಸ್. ಐದು ಸ್ಪರ್ಧೆಗಳ ಪೆಂಟಥ್ಲಾನ್‌ನಲ್ಲಿ ಥೋರ್ಪ್ ನಾಲ್ಕರಲ್ಲಿ ಮೊದಲಿಗರು. ಹತ್ತು ಸ್ಪರ್ಧೆಗಳ ಡೆಕಥ್ಲಾನ್‌ನಲ್ಲಿ 8,412 ಅಂಕ. ಎರಡನೇ ಸ್ಥಾನದ ಸ್ವೀಡನ್ ಆಟಗಾರ ಹ್ಯೂಗೊ ವೀಸ್‌ಲಾಂಡರ್‌ಗಿಂತ ಹತ್ತಿರ ಹತ್ತಿರ 700 ಅಂಕ ಜಾಸ್ತಿ! ಶೂ ಕಳುವಾಗಿ, ಸಿಕ್ಕ ಬೇರೆ ಬೇರೆ ಜೊತೆಯ ಶೂ ಹಾಕಿಕೊಂಡು ಸ್ಪರ್ಧಿಸಿದರು ಅನ್ನೋ ಮಾತಿದೆ. ಕಾಲಿಗೊಂದು ಬಗೆಯ ಕಾಲುಚೀಲ ತೊಟ್ಟು ನಿಂತಿರುವ ಅವರ ಫೋಟೊ ಇಂದಿಗೂ ಪ್ರಸಿದ್ಧ. ವಾಪಸ್ ಬಂದಾಗ ನ್ಯೂಯಾರ್ಕ್ ಬೀದಿಗಳಲ್ಲಿ ಮೆರವಣಿಗೆ ಆಯ್ತು.

ಸಂತೋಷ ಆರು ತಿಂಗಳೂ ಸರಿಯಾಗಿ ಉಳಿಯಲಿಲ್ಲ. 1909 ಮತ್ತು 1910ರ ಬೇಸಿಗೆಯಲ್ಲಿ ಥೋರ್ಪ್ ಉತ್ತರ ಕೆರೊಲಿನಾದ ರಾಕಿ ಮೌಂಟ್ ಎಂಬಲ್ಲಿ ಸಣ್ಣ ದುಡ್ಡಿಗೆ ಬೇಸ್‌ಬಾಲ್ ಆಡಿದ್ದರು ಅಂತ 1913ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂತು. ಹಣಕ್ಕಾಗಿ ಆಡಿದವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಜಾಗ ಇರಲಿಲ್ಲ. ಬೇರೆ ಕಾಲೇಜು ಹುಡುಗರೂ ಹಾಗೇ ಆಡುತ್ತಿದ್ದರು, ಆದ್ರೆ ಸುಳ್ಳು ಹೆಸರಲ್ಲಿ. ಥೋರ್ಪ್ ಸ್ವಂತ ಹೆಸರಲ್ಲೇ ಆಡಿದ್ದೇ ಅವರಿಗೆ ಮುಳುವಾಯ್ತು. ತಕರಾರು ಇದ್ದರೆ ಕ್ರೀಡಾಕೂಟದ 30 ದಿನದೊಳಗೆ ಸಲ್ಲಿಸಬೇಕು ಅನ್ನೋ ನಿಯಮ ಇತ್ತು. ಆ ಗಡುವು ಎಂದೋ ಮುಗಿದಿತ್ತು. ಆದರೂ ಪದಕ ಕಿತ್ತುಕೊಂಡರು, ದಾಖಲೆಯಿಂದ ಹೆಸರು ಅಳಿಸಿದರು.

ಮೈದಾನದಿಂದ ಮಣ್ಣು ಅಗೆಯುವ ಕೆಲಸಕ್ಕೆ

ಆಮೇಲೆ ಥೋರ್ಪ್ ಹೊಟ್ಟೆಪಾಡಿಗೆ ಆಟವನ್ನೇ ನಂಬಿದರು. 1913ರಿಂದ 1919ರವರೆಗೆ ದೊಡ್ಡ ಲೀಗ್‌ನಲ್ಲಿ ಬೇಸ್‌ಬಾಲ್, ಜೊತೆಗೆ ಓಹಿಯೊದ ಕ್ಯಾಂಟನ್ ಬುಲ್‌ಡಾಗ್ಸ್ ತಂಡದಲ್ಲಿ ಫುಟ್ಬಾಲ್. ಇಂದು ಕೋಟಿ ಕೋಟಿ ಡಾಲರ್ ವಹಿವಾಟು ನಡೆಸುವ ಎನ್‌ಎಫ್‌ಎಲ್ ಸಂಸ್ಥೆ 1920ರಲ್ಲಿ ಬೇರೆ ಹೆಸರಲ್ಲಿ ಹುಟ್ಟಿದಾಗ, ಅದರ ಮೊದಲ ಅಧ್ಯಕ್ಷ ಇದೇ ಥೋರ್ಪ್.

ವಯಸ್ಸಾಯ್ತು, ಆಟ ನಿಂತಿತು, ಕೈಯಲ್ಲಿ ಕಾಸು ಉಳಿಯಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಗುಂಡಿ ತೋಡುವ ಕೂಲಿ ಮಾಡಿದರು. ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಸಿಕ್ಕಿತು. ಕುಡಿತವೂ ಕಾಡಿತು. ಎರಡು ಮದುವೆ ಮುರಿದವು. 1950ರಲ್ಲಿ ಅಮೆರಿಕದ ಕ್ರೀಡಾ ಪತ್ರಕರ್ತರು ಅರ್ಧ ಶತಮಾನದ ಶ್ರೇಷ್ಠ ಅಥ್ಲೀಟ್ ಅಂತ ಅವರನ್ನೇ ಆರಿಸಿದರು. 1951ರಲ್ಲಿ ಅವರ ಬದುಕಿನ ಮೇಲೆ ಹಾಲಿವುಡ್ ಸಿನಿಮಾ ತೆರೆ ಕಂಡಿತು, ಬರ್ಟ್ ಲಂಕಾಸ್ಟರ್ ನಾಯಕ. ಅದೇ ವರ್ಷ ತುಟಿ ಕ್ಯಾನ್ಸರ್‌ಗೆ ಆಪರೇಷನ್ ಆದಾಗ ಆಸ್ಪತ್ರೆ ಬಿಲ್ ಕಟ್ಟುವ ಶಕ್ತಿ ಥೋರ್ಪ್‌ಗೆ ಇರಲಿಲ್ಲ.

1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಲೊಮಿಟಾದಲ್ಲಿ ಹೃದಯಾಘಾತದಿಂದ ಕೊನೆಯುಸಿರೆಳೆದರು.

ಅರ್ಧಕ್ಕೆ ನಿಂತ ಮಣ್ಣು

ದೇಹವನ್ನು ಒಕ್ಲಹೋಮಕ್ಕೆ ತಂದು, ಬುಡಕಟ್ಟಿನ ಪದ್ಧತಿಯಂತೆ ಅಂತ್ಯಕ್ರಿಯೆ ಶುರು ಮಾಡಿದರು. ವಿಧಿಗಳು ಇನ್ನೂ ನಡೆಯುತ್ತಿದ್ದಾಗಲೇ ಮೂರನೇ ಪತ್ನಿ ಪೆಟ್ರೀಷಿಯಾ ಶವದ ವಾಹನದೊಂದಿಗೆ ಬಂದು ಪೆಟ್ಟಿಗೆಯನ್ನು ಎತ್ತಿಸಿಕೊಂಡು ಹೋದರು. ಕಾನೂನು ಪ್ರಕಾರ ಹಕ್ಕು ಹೆಂಡತಿಯದ್ದು, ಮಕ್ಕಳು ನೋಡುತ್ತಾ ನಿಲ್ಲಬೇಕಾಯ್ತು. ಒಕ್ಲಹೋಮದಲ್ಲೇ ಸ್ಮಾರಕ ಕಟ್ಟುವ ಪ್ರಯತ್ನ ನಡೆದಿತ್ತು, ಆದ್ರೆ ರಾಜ್ಯಪಾಲರು ಹಣ ಕೊಡಲು ಒಪ್ಪಲಿಲ್ಲ. ಗಂಡನಿಗೆ ಯೋಗ್ಯ ಸ್ಮಾರಕ ಕಟ್ಟುವ ಊರನ್ನು ಪೆಟ್ರೀಷಿಯಾ ಹುಡುಕತೊಡಗಿದರು.

ಅದೇ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲಿ ನದಿಯ ಆಚೆ ಈಚೆ ಇದ್ದ ಮಾಕ್ ಚಂಕ್, ಈಸ್ಟ್ ಮಾಕ್ ಚಂಕ್ ಎಂಬ ಎರಡು ಪಟ್ಟಣ ಕಷ್ಟದಲ್ಲಿದ್ದವು. ಕಲ್ಲಿದ್ದಲು ಮತ್ತು ರೈಲಿನಿಂದ ಬೆಳೆದ ಊರುಗಳು. ಆ ಎರಡೂ ಕುಸಿದಾಗ ಅಂಗಡಿ ಬೀದಿ ಭಣಗುಟ್ಟಿತು. ಊರಿಗೆ ಕೈಗಾರಿಕೆ ತರೋಣ ಅಂತ ಜನ ತಲೆಗೆ ವಾರಕ್ಕೆ ಐದು ಸೆಂಟ್ ಹಾಕಿ ನಿಧಿ ಕೂಡಿಸುತ್ತಿದ್ದರು. ಈ ಸುದ್ದಿ ಪೆಟ್ರೀಷಿಯಾ ಕಿವಿಗೆ ಬಿತ್ತು. ಮಾತುಕತೆ ನಡೆದು ಒಪ್ಪಂದ ಆಯ್ತು: ದೇಹ ಕೊಡ್ತೀವಿ, ಊರಿಗೆ ಅವರ ಹೆಸರಿಡಿ, ಸ್ಮಾರಕ ಕಟ್ಟಿ. 1954ರಲ್ಲಿ ಜನ ಮತ ಹಾಕಿ ಎರಡೂ ಊರು ಒಂದಾದವು, ಜಿಮ್ ಥೋರ್ಪ್ ಅನ್ನೋ ಹೆಸರು ಬಂತು. 1957ರಲ್ಲಿ ದೇಹ ಕೆಂಪು ಕಲ್ಲಿನ ಸಮಾಧಿ ಸೇರಿತು. ಒಕ್ಲಹೋಮದ ಮಣ್ಣು, ಸ್ಟಾಕ್‌ಹೋಮ್ ಕ್ರೀಡಾಂಗಣದ ಮಣ್ಣು ತಂದು ಅಲ್ಲಿ ಹಾಕಿದರು.

ವ್ಯಾಪಾರ ಆಯ್ತಾ?

ಸಮಾಧಿ ಬಂದರೆ ಜನ ಬರ್ತಾರೆ, ಜನ ಬಂದರೆ ವ್ಯಾಪಾರ ಅನ್ನೋದು ಊರಿನವರ ಲೆಕ್ಕ. ಫುಟ್ಬಾಲ್‌ನ ರಾಷ್ಟ್ರೀಯ ಹಾಲ್ ಆಫ್ ಫೇಮ್ ಕೂಡ ಬರುತ್ತೆ ಅಂತ ಆಸೆ ಇತ್ತು. ಅದು 1963ರಲ್ಲಿ ಓಹಿಯೊದ ಕ್ಯಾಂಟನ್ ಪಾಲಾಯ್ತು. ಊರು ಚೇತರಿಸಿಕೊಂಡಿದ್ದು ನಿಧಾನಕ್ಕೆ, ಅದೂ ಬೇರೆ ಕಾರಣಕ್ಕೆ: ನದಿಯಲ್ಲಿ ರಾಫ್ಟಿಂಗ್, ಹಳೇ ರೈಲು ದಾರಿಯಲ್ಲಿ ಸೈಕಲ್ ಸವಾರಿ, ಹಳೇ ಕಾಲದ ಚೆಂದದ ಕಟ್ಟಡಗಳು. ವಾರಾಂತ್ಯದಲ್ಲಿ ಬರುವವರಲ್ಲಿ ಹೆಚ್ಚಿನವರು ಬೆಟ್ಟ ನೋಡಲು ಬರುವವರು. ಸಮಾಧಿಗೆ ಬರೋರು ಆಟದ ಮೇಲೆ ಪ್ರೀತಿ ಇರುವವರು.

ಹಾಗಂತ ಊರು ಥೋರ್ಪ್ ಅವರನ್ನು ಮರೆತಿಲ್ಲ. ಪ್ರತಿ ಮೇ ತಿಂಗಳಲ್ಲಿ ಹುಟ್ಟುಹಬ್ಬ ಮಾಡ್ತಾರೆ. ಅಲ್ಲಿನ ಹೈಸ್ಕೂಲ್ ತಂಡಗಳ ಹೆಸರೇ ಒಲಿಂಪಿಯನ್ಸ್.

ಮಕ್ಕಳ ಕೇಸು

ಒಲಿಂಪಿಕ್ ಸಂಸ್ಥೆ 1982ರಲ್ಲಿ ತಪ್ಪು ತಿದ್ದಲು ಒಪ್ಪಿತು. ಮರುವರ್ಷ ಪದಕದ ಪ್ರತಿಗಳನ್ನು ಮಕ್ಕಳಿಗೆ ಕೊಟ್ಟರು. ಆದ್ರೆ ಥೋರ್ಪ್ ಆಗ ಬರೀ ಜಂಟಿ ವಿಜೇತ. ಪೂರ್ತಿ ನ್ಯಾಯ ಸಿಕ್ಕಿದ್ದು 2022ರ ಜುಲೈ 15ರಂದು, ಡೆಕಥ್ಲಾನ್ ಗೆದ್ದು ಸರಿಯಾಗಿ 110 ವರ್ಷಕ್ಕೆ. ಈಗ ಎರಡೂ ಚಿನ್ನಕ್ಕೆ ಅವರೊಬ್ಬರೇ ಒಡೆಯರು. 2024ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವೂ ಮರಣೋತ್ತರವಾಗಿ ಬಂತು.

ಪದಕ ವಾಪಸ್ ಬಂತು, ದೇಹ ಮಾತ್ರ ಹುಟ್ಟೂರಿಗೆ ಬರಲಿಲ್ಲ. ವಿಧಿ ಮುಗಿಯದೆ ತಂದೆಯ ಆತ್ಮಕ್ಕೆ ನೆಮ್ಮದಿ ಇಲ್ಲ ಅನ್ನೋದು ಗಂಡುಮಕ್ಕಳ ಸಂಕಟ. ಬುಡಕಟ್ಟಿನವರ ಅಸ್ಥಿಗಳನ್ನು ಅವರ ಜನರಿಗೆ ಮರಳಿಸುವ 1990ರ ಕಾನೂನಿನ ಅಡಿ ಮಗ ಜ್ಯಾಕ್ 2010ರಲ್ಲಿ ಕೇಸು ಹಾಕಿದರು. ಮರುವರ್ಷವೇ ಅವರು ತೀರಿಕೊಂಡರು, ಅಣ್ಣಂದಿರು ಕೇಸು ಮುಂದುವರಿಸಿದರು. 2013ರಲ್ಲಿ ಮಕ್ಕಳ ಪರ ತೀರ್ಪು ಬಂತು. 2014ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು: ಇದು ಹೆಂಡತಿ ಒಪ್ಪಿ ಮಾಡಿದ ಸಮಾಧಿ, ಆ ಕಾನೂನು ಇದಕ್ಕೆ ಅನ್ವಯಿಸೋದಿಲ್ಲ ಅಂತ. 2015ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮನೆಯವರಲ್ಲೂ ಒಮ್ಮತ ಇರಲಿಲ್ಲ, ಮೊಮ್ಮಕ್ಕಳಿಬ್ಬರು ಊರಿನ ಪರ ನಿಂತಿದ್ದರು.

ಊರಿನವರ ಮಾತಲ್ಲೂ ತೂಕ ಇದೆ. ಕೊಟ್ಟ ಮಾತಿನಂತೆ ತಮ್ಮ ಊರಿನ ಹೆಸರನ್ನೇ ಬಿಟ್ಟುಕೊಟ್ಟು, ಇಷ್ಟು ವರ್ಷ ಸಮಾಧಿ ನೋಡಿಕೊಂಡವರು ಅವರು. ಆದ್ರೆ ಆ ಒಪ್ಪಂದದಲ್ಲಿ ಮಕ್ಕಳನ್ನಾಗಲಿ ಬುಡಕಟ್ಟನ್ನಾಗಲಿ ಯಾರೂ ಕೇಳಿರಲಿಲ್ಲ ಅನ್ನೋದೂ ಅಷ್ಟೇ ನಿಜ. ಒಕ್ಲಹೋಮದಲ್ಲಿ 1953ರಲ್ಲಿ ಅರ್ಧಕ್ಕೆ ನಿಂತ ವಿಧಿ ಅಲ್ಲಿಗೇ ನಿಂತಿದೆ.